ತೊಟ್ಟಿಲ ಅಡಿಯ ಲೇಬಲ್ ಓದಿ: ಅಮೆರಿಕದಲ್ಲಿ ಮಗು ಹೆತ್ತವರಿಗೆ ರಿಕಾಲ್ ಬಗ್ಗೆ ಒಂದಿಷ್ಟು

ಈ ಸಲ ರಜೆಗೆ ಉಡುಪಿಗೆ ಬಂದ ಮೂರನೇ ದಿನ ಅತ್ತಿಗೆ ಅಟ್ಟದಿಂದ ಒಂದು ದೊಡ್ಡ ಕಟ್ಟು ಇಳಿಸಿದರು. ಹಳೆ ಬೈರಾಸಿನಲ್ಲಿ ಸುತ್ತಿ ಇಟ್ಟಿದ್ದರು. ಬಿಚ್ಚಿದರೆ ನನ್ನ ಮಗನ ಸ್ಲೀಪರ್! ಎಳೆ ಮಗುವನ್ನು ಓರೆಯಾಗಿ ಮಲಗಿಸುವ, ಪೈಪಿಗೆ ಬಟ್ಟೆ ಕಟ್ಟಿದ ತೊಟ್ಟಿಲಿನಂಥದ್ದು. ನ್ಯೂಜೆರ್ಸಿಯಲ್ಲಿ ಗೆಳತಿಯೊಬ್ಬಳು ಕೊಟ್ಟದ್ದು. ಮಗ ದೊಡ್ಡವನಾದ ಮೇಲೆ ನಾನೇ ಬಿಡಿಸಿ, ಸೂಟ್‌ಕೇಸಿಗೆ ತುಂಬಿ ಅಂಬಲಪಾಡಿಯ ಮನೆಗೆ ತಂದಿಟ್ಟಿದ್ದೆ. ಚಿಕ್ಕಮ್ಮನ ಮಗಳಿಗೆ ಮುಂದಿನ ತಿಂಗಳು ಹೆರಿಗೆ. "ತೊಳೆದು ಬಿಸಿಲಿಗೆ ಹಾಕಿದರೆ ಹೊಸದರ ಹಾಗೇ ಆಗ್ತದೆ. ಸುಮ್ನೆ ಯಾಕೆ ದುಡ್ಡು ಹಾಳು ಮಾಡುವುದು?" ಎಂದರು ಅತ್ತಿಗೆ.

ಅದನ್ನು ಜಗಲಿಯಲ್ಲಿ ಮಗುಚಿ ಹಾಕಿ ನೋಡಿದೆ. ಅಡಿಯ ಪೈಪಿಗೆ ಒಂದು ಬಿಳಿ ಲೇಬಲ್ ಅಂಟಿಸಿತ್ತು. ಒಂದು ಮೂಲೆ ಎದ್ದಿತ್ತು, ಅಕ್ಷರ ಅರ್ಧ ಮಾಸಿತ್ತು. ಆದರೂ ಮಾಡೆಲ್ ನಂಬರ್, ತಯಾರಾದ ತಿಂಗಳು ಮತ್ತು ವರ್ಷ ಓದಲಿಕ್ಕೆ ಆಯಿತು. ಆ ನಂಬರನ್ನು ಫೋನಿನಲ್ಲಿ ಹುಡುಕಿದೆ. ಎರಡೇ ನಿಮಿಷ. ರಿಕಾಲ್ ಪಟ್ಟಿಯಲ್ಲಿ, ಅಂದರೆ ಅಪಾಯ ಇದೆ ಎಂದು ವಾಪಸ್ ಕರೆಸಿದ ಸಾಮಾನಿನ ಪಟ್ಟಿಯಲ್ಲಿ, ಅದು ಇತ್ತು. ನಾನು ಊರಿಗೆ ತಂದ ಮೇಲೆ ಅದನ್ನು ವಾಪಸ್ ಕರೆಸಿದ್ದಾರೆ. ನನಗೆ ಯಾರೂ ಹೇಳಲಿಲ್ಲ. ಹೇಗೆ ಹೇಳುತ್ತಾರೆ? ಅದು ನನ್ನ ಹತ್ತಿರ ಇದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ನನ್ನ ಮಗ ಅದರಲ್ಲಿ ಎಷ್ಟೋ ರಾತ್ರಿ ಮಲಗಿದ್ದಾನೆ. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಅಮೆರಿಕಕ್ಕೆ ಹೋದವರು ಮಗುವಿನ ಸಾಮಾನನ್ನು ಒಬ್ಬರಿಂದ ಒಬ್ಬರಿಗೆ ಕೊಡುತ್ತೇವೆ. ಅದು ಒಳ್ಳೆ ಅಭ್ಯಾಸವೇ. ಆದರೆ ಅಲ್ಲಿನ ರಿಕಾಲ್ ವ್ಯವಸ್ಥೆ ಹೆಚ್ಚಾಗಿ ಮೊದಲು ಕೊಂಡವರನ್ನೇ ಹುಡುಕುತ್ತದೆ, ಎರಡನೇ ಮನೆಗೆ ಅದು ತಾನಾಗಿ ಬರುವುದು ಕಡಿಮೆ.

ಮೊದಲು ಆ ವ್ಯವಸ್ಥೆ ಏನು ಅಂತ ನೋಡೋಣ. ಮನೆ ಬಳಕೆಯ ವಸ್ತುಗಳ ಸುರಕ್ಷತೆ ನೋಡಿಕೊಳ್ಳಲು ಅಲ್ಲಿ ಕನ್ಸ್ಯೂಮರ್ ಪ್ರಾಡಕ್ಟ್ ಸೇಫ್ಟಿ ಕಮಿಷನ್ ಎಂಬ ಸರಕಾರಿ ಸಂಸ್ಥೆ ಇದೆ. ಸಿಪಿಎಸ್‌ಸಿ ಎನ್ನುತ್ತಾರೆ. 1972ರ ಕಾನೂನಿನಿಂದ ಹುಟ್ಟಿದ್ದು. ತೊಟ್ಟಿಲು, ಬ್ಯಾಸಿನೆಟ್ ಎಂಬ ಎಳೆ ಮಗುವಿನ ಪುಟ್ಟ ತೊಟ್ಟಿಲು, ಸ್ವಿಂಗ್ ಎಲ್ಲ ಇದರ ಕೆಳಗೆ ಬರುತ್ತದೆ. ಕಾರ್ ಸೀಟ್ ಮಾತ್ರ ರಸ್ತೆ ಸುರಕ್ಷತೆಯ ಬೇರೆ ಸಂಸ್ಥೆಗೆ ಸೇರಿದ್ದು. ತನ್ನ ವಸ್ತುವಿನಿಂದ ದೊಡ್ಡ ಅಪಾಯ ಇದೆ ಎಂದು ಗೊತ್ತಾದರೆ ಕಂಪನಿ 24 ಗಂಟೆಯೊಳಗೆ ಇವರಿಗೆ ತಿಳಿಸಬೇಕು. ಆಮೇಲೆ ಇಬ್ಬರೂ ಕೂತು ಮಾತಾಡಿ ರಿಕಾಲ್ ಪ್ರಕಟಿಸುತ್ತಾರೆ. ದುಡ್ಡು ವಾಪಸ್, ಬದಲಿ ವಸ್ತು ಅಥವಾ ರಿಪೇರಿ, ಮೂರರಲ್ಲಿ ಒಂದು ಸಿಗುತ್ತದೆ.

ನಮ್ಮವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಹೆಚ್ಚಿನ ರಿಕಾಲ್ ಕಂಪನಿ ಒಪ್ಪಿದ ಮೇಲೆಯೇ ಆಗುವುದು. ಕಂಪನಿಗೆ ಮೊದಲೇ ತಿಳಿಸದೆ ಅದರ ವಸ್ತುವಿನ ಹೆಸರು ಹೇಳಿ ಜನರನ್ನು ಎಚ್ಚರಿಸಲು ಸಂಸ್ಥೆಗೆ ಕಾನೂನಿನ ತಡೆ ಇದೆ. ಹಾಗಾಗಿ ಸಾವು ನೋವಿನ ವರದಿ ಬರಲು ಶುರುವಾದ ಮೇಲೂ ವಸ್ತು ಅಂಗಡಿಯಲ್ಲೇ ಇರಬಹುದು. ರಿಕಾಲ್ ಆಗಿಲ್ಲ ಎಂದ ಮಾತ್ರಕ್ಕೆ ಅದು ಸುರಕ್ಷಿತ ಎಂದು ತಿಳಿಯಬೇಡಿ.

ಫಿಶರ್ ಪ್ರೈಸ್ ಕಂಪನಿಯ ರಾಕ್ ಎನ್ ಪ್ಲೇ ಸ್ಲೀಪರ್ 2009ರಲ್ಲಿ ಮಾರುಕಟ್ಟೆಗೆ ಬಂತು. 2019ರ ಏಪ್ರಿಲ್‌ನಲ್ಲಿ ಸುಮಾರು 47 ಲಕ್ಷ ಸ್ಲೀಪರ್‌ಗಳನ್ನು ವಾಪಸ್ ಕರೆಸಿದರು. ಅಷ್ಟರಲ್ಲಿ 30ಕ್ಕಿಂತ ಜಾಸ್ತಿ ಶಿಶುಗಳು ಅದರಲ್ಲಿ ತೀರಿಕೊಂಡ ವರದಿ ಇತ್ತು. 2023ರ ಜನವರಿಯಲ್ಲಿ ಅದೇ ರಿಕಾಲನ್ನು ಮತ್ತೊಮ್ಮೆ ಸಾರಬೇಕಾಯಿತು. ಆಗ ವರದಿಯಾದ ಸಾವು ಸುಮಾರು 100. ಅದರಲ್ಲಿ ಕನಿಷ್ಠ 8 ಮಕ್ಕಳು ಮೊದಲ ರಿಕಾಲ್ ಆದ ನಂತರ ಹೋದವರು. ಕಿಡ್ಸ್ ಟೂ ಎಂಬ ಕಂಪನಿಯ ಸ್ಲೀಪರ್‌ಗಳದ್ದೂ ಇದೇ ಕತೆ. ಅಲ್ಲಿ ರಿಕಾಲ್ ನಂತರ 4 ಮಕ್ಕಳು. ಈ ಹನ್ನೆರಡು ಮಕ್ಕಳ ಲೆಕ್ಕ ನನ್ನ ತಲೆಯಿಂದ ಹೋಗುವುದಿಲ್ಲ. ಎಚ್ಚರಿಕೆ ಕೊಟ್ಟಾಗಿತ್ತು, ಆ ಮನೆಗಳಲ್ಲಿ ಸ್ಲೀಪರ್ ಇನ್ನೂ ಇತ್ತು.

ಓರೆಯಾಗಿ ಮಲಗಿಸಿದರೆ ಅಂಥದ್ದು ಏನಾಗುತ್ತದೆ ಎಂದು ಅಮ್ಮ ಕೇಳಿದರು. ಎಳೆ ಮಗುವಿನ ತಲೆ ಭಾರ, ಕುತ್ತಿಗೆಗೆ ಶಕ್ತಿ ಇಲ್ಲ. ಓರೆಯಾಗಿ ಮಲಗಿಸಿದರೆ ಗದ್ದ ಎದೆಗೆ ತಾಗುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಮಗು ಅಳುವುದೂ ಇಲ್ಲ, ಕೈಕಾಲು ಆಡಿಸುವುದೂ ಇಲ್ಲ. ನೋಡಿದವರಿಗೆ ಒಳ್ಳೆ ನಿದ್ದೆ ಬಂದ ಹಾಗೆ ಕಾಣುತ್ತದೆ. ಇನ್ನು ಓರೆಯಲ್ಲಿದ್ದಾಗ ಮಗುಚಿಕೊಳ್ಳುವುದು ಸುಲಭ. ಮಗುಚಿದ ಮೇಲೆ ಮೂಗು ಮೆತ್ತನೆ ಬಟ್ಟೆಗೆ ಒತ್ತಿದರೆ ತಲೆ ಎತ್ತಿ ಹೊರಬರಲು ಆಗುವುದಿಲ್ಲ.

2022ರಲ್ಲಿ ಇದಕ್ಕೆ ಕಾನೂನೇ ಬಂತು. 10 ಡಿಗ್ರಿಗಿಂತ ಜಾಸ್ತಿ ಓರೆ ಇರುವ ಶಿಶು ಸ್ಲೀಪರ್ ಮತ್ತು ತೊಟ್ಟಿಲ ಸುತ್ತ ಕಟ್ಟುವ ಮೆತ್ತನೆಯ ಬಂಪರ್, ಎರಡನ್ನೂ ಆ ವರ್ಷದ ನವೆಂಬರ್ 12ರಿಂದ ಅಲ್ಲಿ ತಯಾರಿಸುವ ಹಾಗಿಲ್ಲ, ಮಾರುವ ಹಾಗಿಲ್ಲ. ಒಂದು ಬದಿ ಕೆಳಗೆ ಇಳಿಯುವ ತೊಟ್ಟಿಲು 2011ರಲ್ಲೇ ನಿಷೇಧ ಆಗಿದೆ. ಯಾರಾದರೂ "ನಮ್ಮ ಮಕ್ಕಳು ಮಲಗಿದ್ದು ಇದರಲ್ಲೇ" ಎಂದು ಹಳೇ ತೊಟ್ಟಿಲು ಕೊಟ್ಟರೆ ಪಕ್ಕದ ಬದಿ ಇಳಿಯುತ್ತದಾ ನೋಡಿ. ಇಳಿದರೆ ಬೇಡ ಅನ್ನಿ. ದಾಕ್ಷಿಣ್ಯ ಮಾಡಬೇಡಿ.

ಹೊಸದು ಕೊಂಡರೆ ಡಬ್ಬದೊಳಗೆ ಅಂಚೆ ಖರ್ಚು ಕೊಟ್ಟಿರುವ ಒಂದು ಕಾರ್ಡ್ ಇರುತ್ತದೆ. ನಾವು ಅದನ್ನು ಥರ್ಮೋಕೋಲ್ ಜೊತೆ ಎಸೆಯುತ್ತೇವೆ. ಎಸೆಯಬೇಡಿ. ಹೆಸರು, ಈಮೇಲ್, ಮಾಡೆಲ್ ನಂಬರ್ ತುಂಬಿ ಕಳಿಸಿ, ಅಥವಾ ಆನ್‌ಲೈನ್‌ನಲ್ಲೇ ನೋಂದಾಯಿಸಿ. ರಿಕಾಲ್ ಆದರೆ ಕಂಪನಿ ನಿಮಗೇ ತಿಳಿಸಲಿಕ್ಕೆ ಇರುವ ಕಾರ್ಡ್ ಅದು. ಜಾಹೀರಾತು ಬರುತ್ತದೆ ಎಂಬ ಹೆದರಿಕೆ ಬೇಡ, ಈ ವಿವರವನ್ನು ಬೇರೆ ಕೆಲಸಕ್ಕೆ ಬಳಸಬಾರದು ಎಂದು ಕಾನೂನಿದೆ. ಕಾರ್ಡಿನ ನಿಯಮ ಬಂದದ್ದು ಒಂದು ಮಗು ಹೋದ ಮೇಲೆ. 1998ರಲ್ಲಿ ಶಿಕಾಗೋದ ಒಂದು ಡೇಕೇರ್‌ನಲ್ಲಿ ಮಡಚುವ ತೊಟ್ಟಿಲು ಕುಸಿದು ಗಂಡು ಮಗುವೊಂದು ಸತ್ತಿತು. ಆ ತೊಟ್ಟಿಲು ಐದು ವರ್ಷ ಮೊದಲೇ ರಿಕಾಲ್ ಆಗಿತ್ತು. ಆ ಮಗುವಿನ ತಂದೆ ತಾಯಿ ಹಟ ಹಿಡಿದು ಹೋರಾಡಿದರು. 2008ರ ಕಾನೂನಿನಲ್ಲಿ ಆ ಭಾಗಕ್ಕೆ ಅವರ ಮಗನ ಹೆಸರೇ ಇದೆ.

ಬೇರೆಯವರು ಕೊಟ್ಟದ್ದಾದರೆ ಲೇಬಲ್ ಹುಡುಕಿ. ಅಡಿಯಲ್ಲಿ, ಕಾಲಿನ ಒಳಬದಿಯಲ್ಲಿ, ಬಟ್ಟೆಯ ಹೊಲಿಗೆಯಲ್ಲಿ ಇರುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ. ಸಿಪಿಎಸ್‌ಸಿ ಡಾಟ್ ಗವ್ ತಾಣದ ರಿಕಾಲ್ ಪುಟದಲ್ಲಿ ಕಂಪನಿಯ ಹೆಸರು ಹಾಕಿ ನೋಡಿ. ಅಲ್ಲೇ ಈಮೇಲ್ ಕೊಟ್ಟರೆ ಹೊಸ ರಿಕಾಲ್‌ಗಳ ಸುದ್ದಿ ಮನೆಗೇ ಬರುತ್ತದೆ. ಫೋನ್ ಮಾಡುವುದಾದರೆ ನಂಬರ್ 800-638-2772. ಲೇಬಲೇ ಇಲ್ಲದ ಸ್ಲೀಪರ್ ಆದರೆ ನಾನಂತೂ ಮಗುವನ್ನು ಮಲಗಿಸುವುದಿಲ್ಲ.

ಪಟ್ಟಿಯಲ್ಲಿ ಸಿಕ್ಕಿತು ಅನ್ನಿ. ಅವತ್ತೇ ಬಳಕೆ ನಿಲ್ಲಿಸಿ, ದುಡ್ಡು ಬರಲಿ ಎಂದು ಕಾಯಬೇಡಿ. ಹಾಗಂತ ಕೂಡಲೇ ಕಸಕ್ಕೂ ಹಾಕಬೇಡಿ, ಮೊದಲು ರಿಕಾಲ್ ಪುಟ ಪೂರ್ತಿ ಓದಿ. ಕೆಲವು ಕಂಪನಿಗಳು ಒಂದು ಭಾಗ ಕಳಿಸಿ ಎನ್ನುತ್ತವೆ. ಇನ್ನು ಕೆಲವು ಬಟ್ಟೆ ಕತ್ತರಿಸಿ, ಫೋಟೋ ತೆಗೆದು ಕಳಿಸಿ ಎನ್ನುತ್ತವೆ. ಎಷ್ಟೋ ಸಲ ಬಿಲ್ ಇಲ್ಲದಿದ್ದರೂ ನಡೆಯುತ್ತದೆ, ಲೇಬಲ್ಲಿನ ಫೋಟೋ ಸಾಕಾಗುತ್ತದೆ. ರಿಕಾಲ್ ಆದದ್ದನ್ನು ಮಾರುವುದು ಅಲ್ಲಿ ಅಪರಾಧ. ಪುಕ್ಕಟೆ ಕೊಡುವುದಂತೂ ಬೇಡವೇ ಬೇಡ. ಪಟ್ಟಿಯಲ್ಲಿ ಇಲ್ಲ, ಆದರೂ ನಿಮ್ಮ ಮಗುವಿಗೆ ಅದರಲ್ಲಿ ತೊಂದರೆ ಆಯಿತು ಎಂದಾದರೆ ಸೇಫರ್‌ಪ್ರಾಡಕ್ಟ್ಸ್ ಡಾಟ್ ಗವ್ ತಾಣದಲ್ಲಿ ದೂರು ಬರೆಯಿರಿ. ವೀಸಾದಲ್ಲಿ ಇರುವವರೂ ಬರೆಯಬಹುದು. ಇಂಥ ದೂರುಗಳು ಸೇರಿಯೇ ಒಂದು ರಿಕಾಲ್ ಆಗುವುದು.

ಬಾಣಂತನಕ್ಕೆ ಊರಿಂದ ಹೋಗುವ ಅಮ್ಮಂದಿರಿಗೂ ಒಂದು ಮಾತು. ಅಲ್ಲಿನ ಮಕ್ಕಳ ವೈದ್ಯರ ಸಂಘದ ಸಲಹೆ ಬಹಳ ಸರಳ. ಗಟ್ಟಿಯಾದ, ಮಟ್ಟಸವಾದ ಹಾಸಿಗೆ. ಮಗು ಬೆನ್ನ ಮೇಲೆ. ಹತ್ತಿರ ದಿಂಬು, ಹೊದಿಕೆ, ಗೊಂಬೆ ಏನೂ ಇಲ್ಲ. ಮೊದಲ ಆರು ತಿಂಗಳಾದರೂ ನಿಮ್ಮ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ. ತಲೆ ಗುಂಡಗಾಗಲಿ ಎಂದು ನೀವು ಪ್ರೀತಿಯಿಂದ ಹೊಲಿದು ತರುವ ಸಾಸಿವೆ ದಿಂಬೂ ಇದರಲ್ಲಿ ಬಂತು. ಸೀರೆಯ ಜೋಲಿಯಲ್ಲೂ ಮಗು ಬಾಗಿಯೇ ಮಲಗುವುದು. "ನಿಮ್ಮನ್ನೆಲ್ಲ ಜೋಲಿಯಲ್ಲೇ ತೂಗಿದ್ದಲ್ವಾ?" ಎಂದು ನನ್ನಮ್ಮ ಬೇಜಾರು ಮಾಡಿಕೊಂಡರು. ಹೌದು. ಎತ್ತಿಕೊಂಡು ತೂಗಿ, ಹಾಡಿ, ನಿದ್ದೆ ಹತ್ತಿದ ಮೇಲೆ ಮಟ್ಟಸ ಹಾಸಿಗೆಗೆ ಇಳಿಸಿ ಎಂದೆ. ಆ ಮಾತು ಅವರಿಗೆ ಹಿಡಿಸಿತು. ಕಾರ್ ಸೀಟ್, ಸ್ವಿಂಗ್‌ಗಳಲ್ಲಿ ನಿದ್ದೆ ಬಂದರೂ ಹೀಗೇ, ಎತ್ತಿ ಹಾಸಿಗೆಗೆ ಹಾಕಬೇಕು. ಇದಕ್ಕೆ ದುಬಾರಿ ತೊಟ್ಟಿಲು ಬೇಕಿಲ್ಲ. ಅಂಗಡಿಯ ಅತಿ ಕಡಿಮೆ ಬೆಲೆಯ ಹೊಸ ಕ್ರಿಬ್‌ಗೂ ಅತಿ ದುಬಾರಿಯದಕ್ಕೂ ಸರಕಾರದ ಸುರಕ್ಷತೆಯ ನಿಯಮ ಒಂದೇ.

ನಮ್ಮ ಸ್ಲೀಪರ್‌ಗೆ ಉಡುಪಿಯಲ್ಲಿ ಕೂತು ದುಡ್ಡು ಕೇಳುವ ಯೋಚನೆಯನ್ನು ನಾನು ಮಾಡಲಿಲ್ಲ. ಅತ್ತಿಗೆ ದೊಡ್ಡ ಕತ್ತರಿ ತಂದರು. ಬಟ್ಟೆಯನ್ನು ಉದ್ದಕ್ಕೆ ಮೂರು ಸೀಳು ಮಾಡಿದೆವು. ಗುಜರಿಯವನು ಜೋಡಿಸಿ ಮಾರದ ಹಾಗೆ ಅಣ್ಣ ಪೈಪುಗಳನ್ನು ಮೆಟ್ಟಿಲಿಗೆ ಒತ್ತಿ ಬಗ್ಗಿಸಿದ. ಚಿಕ್ಕಮ್ಮನ ಮಗಳಿಗೆ ಮಟ್ಟಸವಾದ ಮರದ ಪುಟ್ಟ ಮಂಚ ಹೇಳಿ ಮಾಡಿಸಲಿಕ್ಕೆ ಕೊಟ್ಟಿದ್ದೇವೆ.

ರಾತ್ರಿ ನ್ಯೂಜೆರ್ಸಿಯ ಗೆಳತಿಗೆ ಲೇಬಲ್ಲಿನ ಫೋಟೋ ಕಳಿಸಿದೆ. ಬೆಳಿಗ್ಗೆ ಏಳುವಾಗ ಉತ್ತರ ಬಂದಿತ್ತು: "ಅಯ್ಯೋ, ಅಕ್ಕನ ಹತ್ತಿರ ಇಂಥದ್ದೇ ಇನ್ನೊಂದು ಇತ್ತು ಮಾರಾಯ್ತಿ. ಎಡಿಸನ್‌ನಲ್ಲಿ ಯಾರಿಗೋ ಕೊಟ್ಟಿದ್ದಾಳೆ. ಯಾರಿಗೆ ಅಂತ ಈಗಲೇ ಫೋನ್ ಮಾಡಿ ಕೇಳ್ತೇನೆ."