ಕಾರ್ಗೋ ಟ್ರೇಲರ್‌ಗೆ ಕಿಟಕಿ ಎಸಿ ಕೂರಿಸಿದ್ದು: ನನ್ನ ಅನುಭವ

ಸರಕು ಸಾಗಿಸುವ ಟ್ರೇಲರನ್ನು ಮಲಗುವ ಕೋಣೆಯಾಗಿ ಬದಲಾಯಿಸಿಕೊಂಡವರಿಗೆ ಬಿಸಿಲಿನ ಕಾಟ ಹೇಳಿಕೊಡಬೇಕಾಗಿಲ್ಲ. ಉಕ್ಕಿನ ಕಂಬಗಳು, ಅವುಗಳ ಮೇಲೆ ಬಿಗಿದ ಒಂದು ಮಿಲಿಮೀಟರಿಗೂ ತೆಳುವಾದ ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್: ಅಷ್ಟೇ ಗೋಡೆ. ನನ್ನದು 6 ಅಡಿ ಅಗಲ, 12 ಅಡಿ ಉದ್ದದ ಟ್ರೇಲರ್. ಕಂಬಗಳ ನಡುವೆ 25 ಮಿಮೀ ದಪ್ಪದ, ಬಿಸಿ ತಡೆಯುವ ಗಟ್ಟಿ ಎಕ್ಸ್‌ಪಿಎಸ್ ಫೋಮ್ ಹಲಗೆ ತುಂಬಿದ ಮೇಲೂ ಮಧ್ಯಾಹ್ನ ಒಳಗೆ ಕೂರಲು ಆಗುತ್ತಿರಲಿಲ್ಲ. ಉಕ್ಕಿನ ಕಂಬಗಳೇ ಹೊರಗಿನ ಬಿಸಿಯನ್ನು ಒಳಕ್ಕೆ ದಾಟಿಸುತ್ತವೆ. ಹಾಗಾಗಿ ಕಂಬಗಳ ಒಳಮುಖದ ಮೇಲೂ ತೆಳು ಫೋಮ್ ಪಟ್ಟಿ ಅಂಟಿಸಿ, ಆಮೇಲೆ ಪ್ಲೈವುಡ್ ಹೊಡೆದೆ. ಎಸಿ ಯೋಚನೆ ಮಾಡುವವರು ಮೊದಲು ಈ ಕೆಲಸ ಮುಗಿಸಿಕೊಳ್ಳಲಿ. ಸೋರುವ ಪೆಟ್ಟಿಗೆಗೆ ಎಷ್ಟು ದೊಡ್ಡ ಯಂತ್ರ ತಂದರೂ ಸಾಲದು.

ಚಾವಣಿಯ ಮೇಲೆ ಕೂರಿಸುವ ಎಸಿ ಬೇಡ ಅಂದುಕೊಂಡೆ. ಅವು ಹೆಚ್ಚಾಗಿ 13,500 ಬಿಟಿಯು (ಗಂಟೆಗೆ ಎಷ್ಟು ಬಿಸಿ ಹೊರಹಾಕುತ್ತದೆ ಎನ್ನುವ ಅಳತೆ) ಆಸುಪಾಸಿನವು. ಇಷ್ಟು ಸಣ್ಣ ಜಾಗಕ್ಕೆ ಅದು ವಿಪರೀತ. ದೊಡ್ಡ ಯಂತ್ರ ಕೋಣೆಯನ್ನು ಬೇಗ ತಂಪು ಮಾಡಿ ನಿಂತುಬಿಡುತ್ತದೆ, ಗಾಳಿಯಲ್ಲಿರುವ ತೇವ ಹಾಗೇ ಉಳಿಯುತ್ತದೆ. ಮೈಗೆ ತಣ್ಣಗೆ ತಾಗಿದರೂ ಜಿಗುಟು ಹೋಗುವುದಿಲ್ಲ. ನಾನು ತಂದದ್ದು 5,000 ಬಿಟಿಯು ಕಿಟಕಿ ಎಸಿ. 12,000 ಬಿಟಿಯು ಅಂದರೆ 1 ಟನ್, ಸುಮಾರು 3.5 ಕಿಲೋವ್ಯಾಟ್ ತಂಪು. ಆ ಲೆಕ್ಕದಲ್ಲಿ ಇದು 1.5 ಕಿಲೋವ್ಯಾಟಿನ ಹತ್ತಿರ. ಓಡುವಾಗ ಸುಮಾರು 450 ವ್ಯಾಟ್ ಎಳೆಯುತ್ತದೆ, ತೂಕವೂ ಒಬ್ಬರೇ ಎತ್ತಿ ಇಡುವಷ್ಟು. ಕೆಟ್ಟರೆ ಕಳಚಿ ಬೇರೆ ಇಡಬಹುದು ಎನ್ನುವುದು ನನಗೆ ಎಲ್ಲಕ್ಕಿಂತ ದೊಡ್ಡ ಅನುಕೂಲ ಅನ್ನಿಸಿತು.

ಎಲ್ಲಿ ಕೂರಿಸುವುದು ಎನ್ನುವುದರಲ್ಲೇ ಅರ್ಧ ಕೆಲಸ ಇದೆ. ಪಕ್ಕದ ಗೋಡೆಯಲ್ಲಿ ಇಟ್ಟರೆ ಹಿಂಭಾಗ ಹೊರಗೆ ಚಾಚಿಕೊಂಡು ಟ್ರೇಲರಿನ ಅಗಲ ಹೆಚ್ಚುತ್ತದೆ. ಕಿರಿದಾದ ರಸ್ತೆಯಲ್ಲಿ ಮೊದಲು ತಾಗುವುದೇ ಅದು. ಇದನ್ನು ತಪ್ಪಿಸಲು ಕೆಲವರು ಇಡೀ ಎಸಿಯನ್ನು ಒಳಗೇ ಇಟ್ಟು, ಹಿಂಭಾಗದ ಎದುರು ಗೋಡೆಗೆ ಜಾಲರಿ ಮಾಡುತ್ತಾರೆ. ಮಾಡಬಹುದು, ಆದರೆ ಎಸಿ ಉಸಿರಾಡುವ ರೀತಿ ತಿಳಿದು ಮಾಡಬೇಕು. ಕಿಟಕಿ ಎಸಿ ಹೊರಗಾಳಿಯನ್ನು ತನ್ನ ಎರಡು ಪಕ್ಕಗಳ, ಕೆಲವು ಮಾದರಿಗಳಲ್ಲಿ ಮೇಲ್ಭಾಗದ ಸೀಳುಗಳಿಂದಲೂ ಎಳೆದುಕೊಳ್ಳುತ್ತದೆ. ಕಂಡೆನ್ಸರನ್ನು (ಕೋಣೆಯ ಬಿಸಿಯನ್ನು ಹೊರಗೆ ಬಿಡುವ ನಳಿಗೆ, ರೆಕ್ಕೆಗಳ ಜಾಲ) ಹಾದು ಬಿಸಿಯಾದ ಗಾಳಿಯನ್ನು ಹಿಂದಕ್ಕೆ ದೂಡುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡೂ ಬೆರೆತರೆ, ಕಂಬಳಿ ಮುಸುಕು ಹಾಕಿಕೊಂಡು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡ ಹಾಗೆ. ಗಾಳಿ ಸುತ್ತು ಸುತ್ತಿಗೂ ಬಿಸಿಯೇರಿ, ಒತ್ತಡ ಹೆಚ್ಚಿ, ಕೊನೆಗೆ ಕಂಪ್ರೆಸರಿನ ಓವರ್‌ಲೋಡ್ ಸ್ವಿಚ್ ಬೀಳುತ್ತದೆ. ಒಳಗೇ ಇಡುವುದಾದರೆ ಪಕ್ಕದ ಸೀಳುಗಳಿಗೆ ಗಾಳಿ ಬರುವ ದಾರಿ ಬೇರೆ, ಹಿಂದಿನಿಂದ ಗಾಳಿ ಹೋಗುವ ದಾರಿ ಬೇರೆ, ನಡುವೆ ಸಂದಿಲ್ಲದ ತಗಡಿನ ಅಡ್ಡಗೋಡೆ ಬೇಕೇ ಬೇಕು. ಹೊರಗಿನ ಜಾಲರಿಯ ಕಿಂಡಿಗಳೂ ಅಗಲವಾಗಿರಬೇಕು. ತೆರೆದ ಜಾಗ ಕಡಿಮೆಯಾದಷ್ಟೂ ಫ್ಯಾನಿಗೆ ಉಬ್ಬಸ.

ನನ್ನ ಟ್ರೇಲರಿನ ಮುಂಭಾಗ ಚಪ್ಪಟೆ. ಗೋಡೆಯ ಮುಂದೆ, ಎಳೆಯುವ ಗಾಡಿಗೆ ಜೋಡಿಸುವ ತ್ರಿಕೋನಾಕಾರದ ನೊಗದ ಮೇಲೆ, ಖಾಲಿ ಜಾಗ ಸುಮ್ಮನೆ ಇರುತ್ತದೆ. ಎಸಿಯ ಹಿಂಭಾಗ ಅಲ್ಲಿ ಚಾಚಿಕೊಂಡರೆ ಅಗಲವೂ ಹೆಚ್ಚುವುದಿಲ್ಲ, ಮೂರು ಕಡೆಯೂ ಬಯಲು ಗಾಳಿ. ಅದಕ್ಕೇ ಅಲ್ಲಿಟ್ಟೆ. ಇಡುವ ಮುಂಚೆ ರಟ್ಟಿನಲ್ಲಿ ಎಸಿಯ ಅಳತೆಯದೇ ಪೆಟ್ಟಿಗೆ ಮಾಡಿ ಗೋಡೆಗೆ ಅಂಟಿಸಿದೆ. ಗಾಡಿಯನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಹಿಂದಕ್ಕೆ ತಂದು, ಅದರ ಮೂಲೆ ಎಲ್ಲೂ ತಾಗುವುದಿಲ್ಲ, ಹಿಂಬಾಗಿಲು ಪೂರ್ತಿ ತೆರೆಯುತ್ತದೆ ಎಂದು ನೋಡಿಕೊಂಡೆ. ಮುಂದಿನ ಭಾರ ಹೆಚ್ಚುವುದರಿಂದ ಬ್ಯಾಟರಿ ಪೆಟ್ಟಿಗೆಯನ್ನು ಆಕ್ಸಲ್ ಕಡೆಗೆ ಸರಿಸಿದೆ. ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಕೊಂಡಿಯ ಮೇಲೆ ಬಿದ್ದರೆ ಎಳೆಯುವಾಗ ಬಾಲ ಅಲ್ಲಾಡುವುದಿಲ್ಲ.

ಎತ್ತರದ ಬಗ್ಗೆ ಎರಡು ಮಾತು. ತಣ್ಣನೆ ಗಾಳಿ ಕೆಳಗಿಳಿಯುತ್ತದೆ, ಆದ್ದರಿಂದ ಎಸಿ ಮೇಲಿದ್ದಷ್ಟೂ ಒಳ್ಳೆಯದು. ಆದರೆ ತೂಕ ಮೇಲೇರಿದಷ್ಟೂ ಗೋಡೆಗೆ ಕುಲುಕಾಟ ಜಾಸ್ತಿ. ನಾನು ಎದೆಯ ಮಟ್ಟಕ್ಕೆ ಇಟ್ಟು, ಗಾಳಿಯ ಪಟ್ಟಿಗಳನ್ನು ಮೇಲಕ್ಕೆ ತಿರುಗಿಸಿದೆ. ಮಲಗಿದವರ ಮುಖಕ್ಕೆ ನೇರವಾಗಿ ಬಡಿಯುವುದಿಲ್ಲ.

ಕತ್ತರಿಸುವ ಮುಂಚೆ ಚೌಕಟ್ಟು. ನನ್ನ ಗೋಡೆಯ ಕಂಬಗಳ ಅಂತರ 16 ಇಂಚು, ಎಸಿ ಅದಕ್ಕಿಂತ ಅಗಲ. ಒಂದು ಕಂಬವನ್ನು ತುಂಡು ಮಾಡಲೇಬೇಕಿತ್ತು. ಕಂಬ ಕಡಿದರೆ ಅದು ಹೊರುತ್ತಿದ್ದ ಭಾರ ಎಲ್ಲಿಗೋ ಹೋಗಬೇಕಲ್ಲ? ಒಳಗಿನ ಪ್ಲೈವುಡ್ ಬಿಚ್ಚಿ, ಮೇಲೊಂದು ಕೆಳಗೊಂದು 1 ಇಂಚಿನ ಚೌಕ ಪೈಪನ್ನು ಅಡ್ಡಲಾಗಿ, ಅಕ್ಕಪಕ್ಕದ ಗಟ್ಟಿ ಕಂಬಗಳಿಗೆ ವೆಲ್ಡ್ ಮಾಡಿಸಿದೆ. ಹತ್ತಿರದ ಫೋಮನ್ನು ಮೊದಲೇ ತೆಗೆದಿಟ್ಟಿದ್ದೆ, ವೆಲ್ಡಿಂಗ್ ಕಿಡಿಗೆ ಅದು ಹೊತ್ತಿಕೊಳ್ಳುತ್ತದೆ. ಅಡ್ಡಪಟ್ಟಿಗಳು ಕೂತ ಮೇಲೆಯೇ ನಡುವಿನ ಕಂಬಕ್ಕೆ ಗರಗಸ ಹಾಕಿದ್ದು.

ತಗಡಿನ ಕೆಲಸ ನನಗೆ ತುಂಬ ಇಷ್ಟ. ಒಳಗಿನಿಂದ ಚೌಕಟ್ಟಿನ ನಾಲ್ಕು ಮೂಲೆಗೂ ತೂತು ಕೊರೆದು, ಹೊರಗೆ ಬಂದು ಆ ತೂತುಗಳನ್ನು ಗೆರೆಯಿಂದ ಜೋಡಿಸಿದೆ. ಗೆರೆಯ ಅಕ್ಕಪಕ್ಕ ಅಗಲವಾದ ಪೇಂಟರ್ ಟೇಪ್ ಅಂಟಿಸಿದರೆ ಜಿಗ್‌ಸಾದ ತಳ ಬಣ್ಣವನ್ನು ಗೀರುವುದಿಲ್ಲ. ಲೋಹಕ್ಕೆಂದೇ ಇರುವ ಸಣ್ಣ ಹಲ್ಲಿನ ಬ್ಲೇಡು, ನಿಧಾನದ ವೇಗ. ಕೊನೆಯ ಬದಿ ಕತ್ತರಿಸುವಾಗ ತುಂಡು ತನ್ನ ಭಾರಕ್ಕೇ ಬಾಗಿ ಬ್ಲೇಡನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ಕತ್ತರಿಸಿದ ಬದಿಗಳಿಗೆ ಅಲ್ಲಲ್ಲಿ ಟೇಪಿನ ಪಟ್ಟಿ ಹಾಕಿ ತುಂಡನ್ನು ನಿಲ್ಲಿಸಿಕೊಂಡೆ. ಅಂಚನ್ನು ಅರದಿಂದ ಉಜ್ಜಿ, ಬೆರಳು ಆಡಿಸಿದರೆ ಎಲ್ಲೂ ಕಚ್ಚದಷ್ಟು ನಯ ಮಾಡಿದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಎಸಿಯ ಭಾರ ಗೋಡೆಯ ತಗಡಿನ ಮೇಲೆ ಒಂದಿಷ್ಟೂ ಬೀಳಬಾರದು. ಮನೆಯ ಕಿಟಕಿಯಲ್ಲಿ ಅದು ಅಲುಗದೆ ಕೂತಿರುತ್ತದೆ, ಇಲ್ಲಿ ರಸ್ತೆಯ ಪ್ರತಿ ಗುಂಡಿಗೂ ಹಾರುತ್ತದೆ. ಕೆಳಗಿನ ಚೌಕ ಪೈಪಿಗೂ ನೊಗದ ಉಕ್ಕಿಗೂ ಸೇರಿಸಿ ಆಂಗಲ್ ಕಬ್ಬಿಣದ ಮೇಜು ಮಾಡಿಸಿ, ಅದರ ಮೇಲೆ ದಪ್ಪ ರಬ್ಬರ್ ಹಾಸಿ ಎಸಿ ಇಟ್ಟೆ. ಮೇಲಿನಿಂದ ಒಂದು ಪಟ್ಟಿ ಬಿಗಿದೆ. ಎಸಿಯ ಹೊರಕವಚಕ್ಕೆ ಸ್ಕ್ರೂ ಹೊಡೆಯುವಾಗ ಒಳಗೆ ಏನಿದೆ ಎಂದು ಕವಚ ಬಿಚ್ಚಿ ನೋಡಿಯೇ ಹೊಡೆಯಬೇಕು. ತಾಮ್ರದ ನಳಿಗೆಗೆ ಮೊನೆ ತಾಗಿದರೆ ಗ್ಯಾಸ್ ಹೋಯಿತು, ಯಂತ್ರವೂ ಹೋಯಿತು. ಗೋಡೆಯ ದಪ್ಪವನ್ನೂ ಅಳೆದುಕೊಳ್ಳಿ. ಪಕ್ಕದ ಸೀಳುಗಳೆಲ್ಲ ತಗಡಿನ ಹೊರಗೇ ಇರಬೇಕು, ಒಂದು ಸಾಲು ಗೋಡೆಯೊಳಗೆ ಸೇರಿದರೂ ಗಾಳಿ ಕಡಿಮೆ.

ನೀರಿನ ವಿಷಯ. ಎಸಿ ಹೊರಗಡೆಗೆ ಸ್ವಲ್ಪ ಓರೆಯಾಗಿರಬೇಕು. 6 ಮಿಮೀ ಇಳಿಜಾರು ಸಾಕಾಯಿತು, ರಸಮಟ್ಟದ ಗುಳ್ಳೆ ಗೆರೆಯಿಂದ ಚೂರು ಸರಿದರೆ ಸರಿ. ಮನೆಯಲ್ಲಾದರೆ ಇದು ಒಮ್ಮೆ ನೋಡಿದರೆ ಮುಗಿಯಿತು. ಟ್ರೇಲರಿನಲ್ಲಿ ನೆಲವೇ ಬದಲಾಗುತ್ತದೆ. ಮುಂಭಾಗದಲ್ಲಿ ಇಟ್ಟದ್ದರ ಲಾಭ ಇಲ್ಲಿ ಗೊತ್ತಾಯಿತು: ನೊಗದ ಜಾಕನ್ನು ಒಂದು ಸುತ್ತು ಇಳಿಸಿದರೆ ಎಸಿಯ ಓರೆ ಸರಿಹೋಗುತ್ತದೆ, ಮೂತಿ ಎತ್ತರವಾದರೆ ನೀರು ಹಾಸಿಗೆಗೆ ಬರುತ್ತದೆ. ತಳದಲ್ಲಿ ಒಂದಿಷ್ಟು ನೀರು ನಿಂತು, ಹಿಂದಿನ ಫ್ಯಾನಿನ ಬಳೆ ಅದನ್ನು ಚಟಪಟ ಎಂದು ಕಂಡೆನ್ಸರಿಗೆ ಎರಚುತ್ತದೆ. ಆ ಸದ್ದು ಕೇಳಿ ಕೆಲವರು ತಳಕ್ಕೆ ತೂತು ಕೊರೆಯುತ್ತಾರೆ. ಹಾಗೆ ವಿನ್ಯಾಸ ಮಾಡಿದ ಯಂತ್ರಕ್ಕೆ ತೂತು ಹಾಕಬೇಡಿ. ಆ ನೀರು ಕಂಡೆನ್ಸರನ್ನು ತಣಿಸಿ ಕೆಲಸ ಹಗುರ ಮಾಡುತ್ತದೆ.

ಸಂದುಗಳಿಗೆ ಫೋಮ್ ತುಂಬಿ, ಹೊರಗೆ ಅಲ್ಯೂಮಿನಿಯಂ ಪಟ್ಟಿಯ ಅಂಚುಕಟ್ಟು ಹಾಕಿ, ಅದರ ಅಡಿಗೆ ಬ್ಯುಟೈಲ್ ಟೇಪ್ ಇಟ್ಟು ರಿವೆಟ್ ಹೊಡೆದೆ. ಮೇಲೆ ಪಾಲಿಯುರಿಥೇನ್ ಸೀಲೆಂಟ್. ಸಿಲಿಕೋನ್ ಹಾಕಲಿಲ್ಲ, ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಮುಂದೆ ಬೇರೆ ಸೀಲೆಂಟೂ ಹಿಡಿಯುವುದಿಲ್ಲ. ಕೆಳ ಅಂಚನ್ನು ಮಾತ್ರ ಅಲ್ಲಲ್ಲಿ ತೆರೆದು ಬಿಟ್ಟೆ, ಹೇಗೋ ಒಳನುಗ್ಗಿದ ನೀರು ಹೊರಗೆ ಹೋಗಲಿ ಎಂದು. ಆಮೇಲೆ ಒಳಗೆ ಊದುಬತ್ತಿ ಹಿಡಿದು ಚೌಕಟ್ಟಿನ ಸುತ್ತ ನಿಧಾನವಾಗಿ ಸರಿಸಿದೆ. ಹೊಗೆ ಎಲ್ಲಿ ಬಳುಕುತ್ತದೋ ಅಲ್ಲಿ ಸಂದಿದೆ.

ವಿದ್ಯುತ್ತಿನಲ್ಲಿ ಜನ ಕೈಬಿಡುವುದು ತಂತಿಯ ದಪ್ಪವನ್ನು. ನನ್ನದು 120 ವೋಲ್ಟಿನ ಯಂತ್ರ, ಓಡುವಾಗ ಸುಮಾರು 4 ಆಂಪಿಯರ್. ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ ಅದು ಐದು ಪಟ್ಟು, 20 ಆಂಪಿಯರಿಗೆ ಜಿಗಿಯಬಹುದು. 1 ಚದರ ಮಿಮೀ ತಾಮ್ರದ 25 ಮೀಟರ್ ವೈರಿನಲ್ಲಿ ಹೋಗಿ ಬರುವ ದಾರಿ 50 ಮೀಟರ್, ರೋಧ ಸುಮಾರು 0.9 ಓಮ್. 20 ಆಂಪಿಯರಿಗೆ 18 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಕಂಪ್ರೆಸರ್ ತಿರುಗಲಾರದೆ ಗೂಂ ಎಂದು ನಿಲ್ಲುವುದು ಹೀಗೆ. 2.5 ಚದರ ಮಿಮೀ ಹಾಕಿದರೆ ನಷ್ಟ 7 ವೋಲ್ಟಿಗೆ ಇಳಿಯುತ್ತದೆ. 230 ವೋಲ್ಟ್ ಇರುವ ಕಡೆ ಆಂಪಿಯರ್ ಅರ್ಧವಾಗುತ್ತದೆ, ಲೆಕ್ಕದ ದಾರಿ ಒಂದೇ. ಎಸಿಗೆ ಪ್ರತ್ಯೇಕ ಬ್ರೇಕರ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಡಿ (ವಿದ್ಯುತ್ ಸೋರಿದರೆ ತಕ್ಷಣ ಕಡಿದುಹಾಕುವ ಸ್ವಿಚ್) ಹಾಕಿಸಿ, ಟ್ರೇಲರಿನ ಚಾಸಿಗೆ ಅರ್ಥ್ ತಂತಿ ಕಟ್ಟಿಸಿದೆ. ಲೋಹದ ಪೆಟ್ಟಿಗೆಯಲ್ಲಿ ಮಲಗುವವರು ಇದರಲ್ಲಿ ಉಳಿತಾಯ ನೋಡಬಾರದು, ಬಲ್ಲ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಜನರೇಟರ್ ಬಳಸುವುದಾದರೆ ಅದು ಟ್ರೇಲರಿನಿಂದ ದೂರ, ಗಾಳಿ ಅದರ ಹೊಗೆಯನ್ನು ಟ್ರೇಲರಿನಿಂದ ಆಚೆಗೆ ಒಯ್ಯುವ ಕಡೆ ಇರಲಿ. ಒಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಕಡ್ಡಾಯ. ಆ ಅನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಎಲ್ಲ ಆದ ಮೇಲೆ ಎರಡು ಕಡೆ ಥರ್ಮಾಮೀಟರ್ ಹಿಡಿದೆ. ಒಳಗೆ, ಎಸಿ ಎಳೆದುಕೊಳ್ಳುವ ಗಾಳಿಗೂ ಬಿಡುವ ಗಾಳಿಗೂ 8ರಿಂದ 11 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇದ್ದರೆ ಯಂತ್ರ ಆರೋಗ್ಯವಾಗಿದೆ. ಹೊರಗೆ, ಪಕ್ಕದ ಸೀಳಿನ ಬಾಯಿಯಲ್ಲಿ ಅಳೆದ ಗಾಳಿ ಮರದ ನೆರಳಿನ ಗಾಳಿಯಷ್ಟೇ ಇರಬೇಕು. ಗಾಡಿ ಕಳಚಿದಾಗ ಎರಡೂ ಒಂದೇ ಬಂತು. ಗಾಡಿ ಜೋಡಿಸಿಯೇ ಎಸಿ ಓಡಿಸಿದಾಗ ಸೀಳಿನ ಬಳಿಯ ಗಾಳಿ ಬಿಸಿಯಾಯಿತು, ಗಾಡಿಯ ಹಿಂಬದಿಗೆ ಬಡಿದ ಬಿಸಿ ಗಾಳಿ ತಿರುಗಿ ಬರುತ್ತಿತ್ತು. ಅದಕ್ಕೆ ರಾತ್ರಿ ತಂಗುವಲ್ಲೆಲ್ಲ ಗಾಡಿ ಕಳಚಿ ಮುಂದೆ ನಿಲ್ಲಿಸುತ್ತೇನೆ.

ಎಳೆಯುವಾಗ ಮುಂಭಾಗಕ್ಕೆ ಕಲ್ಲು, ಮಳೆ, ಧೂಳು ನೇರ ಹೊಡೆಯುತ್ತವೆ. ಕಂಡೆನ್ಸರಿನ ರೆಕ್ಕೆಗಳು ಬೆರಳು ಒತ್ತಿದರೂ ಬಾಗುವಷ್ಟು ತೆಳು. ಹಿಂಬದಿಗೆ ಕೊಕ್ಕೆ ಹಾಕಿ ಕೂರಿಸುವ ತಗಡಿನ ಮುಚ್ಚಳ ಮಾಡಿದ್ದೇನೆ. ಮುಚ್ಚಳ ಹಾಕಿದಾಗ ಎಸಿಯ ಪ್ಲಗ್ ಕೀಳಲೇಬೇಕು. ಮುಚ್ಚಳದ ಸರಪಳಿಯನ್ನು ಪ್ಲಗ್ಗಿಗೇ ಕಟ್ಟುವ ಅಭ್ಯಾಸ ಮಾಡಿಕೊಂಡರೆ ಮರೆಯುವ ಮಾತಿಲ್ಲ. ತಲುಪಿದ ಕೂಡಲೇ ಎಸಿ ಹಾಕುವುದಿಲ್ಲ. ಕುಲುಕಿ ಚದುರಿದ ಎಣ್ಣೆ ಕಂಪ್ರೆಸರಿಗೆ ಇಳಿಯಲಿ ಎಂದು ಜಾಕ್ ಹಾಕಿ, ಮಟ್ಟ ನೋಡಿ, ಕಿಟಕಿ ತೆರೆದು ಒಳಗಿನ ಬಿಸಿ ಹೊರಗೆ ಬಿಡುತ್ತೇನೆ. ಆರಿಸಿದ ಎಸಿಯನ್ನು ಮತ್ತೆ ಹಾಕಬೇಕಾದರೂ ಮೂರು ನಿಮಿಷ ಬಿಡುತ್ತೇನೆ, ಎರಡು ಕಡೆಯ ಒತ್ತಡ ಸಮವಾಗಲು ಅಷ್ಟು ಬೇಕು. ಧೂಳಿನ ರಸ್ತೆಯ ಪ್ರಯಾಣ ಮುಗಿದಾಗ ಪ್ಲಗ್ ಕಿತ್ತು, ಕವಚ ಬಿಚ್ಚಿ, ಮೆತ್ತನೆ ಬ್ರಷ್‌ನಿಂದ ರೆಕ್ಕೆಗಳ ಉದ್ದಕ್ಕೇ ಒರೆಸುತ್ತೇನೆ, ಅಡ್ಡಡ್ಡ ಅಲ್ಲ. ತಾಮ್ರದ ನಳಿಗೆಗಳು ಎಲ್ಲಾದರೂ ಒಂದಕ್ಕೊಂದು ಉಜ್ಜುತ್ತಿವೆಯೇ ಎಂದು ಆಗಲೇ ನೋಡಿ, ಉಜ್ಜುವ ಕಡೆ ರಬ್ಬರ್ ತುಂಡು ಸಿಕ್ಕಿಸಿಬಿಡುತ್ತೇನೆ.