ವಿರಾಜಪೇಟೆಯಲ್ಲಿ ತೇಲುವ ಮೆಟ್ಟಿಲು ನಿಂತದ್ದು

ವಿರಾಜಪೇಟೆ ಹತ್ತಿರದ ಮನೆಯೊಂದಕ್ಕೆ ನಾನು ಮಾಡಿಕೊಟ್ಟ ತೇಲುವ ಮೆಟ್ಟಿಲು (ಗೋಡೆಯ ಕಡೆ ಮಾತ್ರ ಆಧಾರ, ಇನ್ನೊಂದು ತುದಿ ಗಾಳಿಯಲ್ಲಿ) ಎರಡು ಮಳೆಗಾಲ ದಾಟಿದೆ. ಇನ್ನು ಬರೆಯಬಹುದು. ಕೊಡಗಿನ ಥಂಡಿಗೆ ಇದು ಆಗುವ ಕೆಲಸವಲ್ಲ ಅಂದಿದ್ದ ಮೇಸ್ತ್ರಿಗಳೇ ಈಗ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ.

ಸಾಲಿಡ್ ಬ್ಲಾಕ್ ಗೋಡೆಗೆ ಕೆಮಿಕಲ್ ಆಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್) ಹೊಡೆದು ಒಂದೊಂದೇ ಮೆಟ್ಟಿಲು ಕೂರಿಸುವ ಆಸೆ ಬಿಡಿ. ಮೂರಡಿ ತುದಿಯಲ್ಲಿ ಒಬ್ಬ ನಿಂತರೆ ಬ್ಲಾಕಿನ ಸಂದು ಬಾಯಿ ಬಿಡುತ್ತದೆ. ಹಾಗಾಗಿ ಶೆಡ್ಡಿನಲ್ಲೇ ನಾಲ್ಕು ಮೆಟ್ಟಿಲಿನ ಮಾದರಿ ಮಾಡಿದೆ. 200 ಎಂಎಂ ಸಿ-ಚಾನಲ್ಲಿಗೆ (ಒಂದು ಬದಿ ತೆರೆದಿರುವ ಕಬ್ಬಿಣದ ತೊಲೆ) 50x50 ಎಂಎಂ ಬಾಕ್ಸ್ ಪೈಪ್ ಬೆಸೆದದ್ದು. ಮುರಿಯಲಿಲ್ಲ, ಆದರೆ ಕಾಲಿಟ್ಟರೆ ಕುಣಿತ. ಪೈಪನ್ನು 100x50, 5 ಎಂಎಂ ದಪ್ಪಕ್ಕೆ ಏರಿಸಿದೆ. ತುದಿಯಲ್ಲಿ ನೂರು ಕೆಜಿ ಇಟ್ಟರೂ ಪೈಪ್ ಬಾಗುವುದು ಲೆಕ್ಕದ ಪ್ರಕಾರ 2 ಎಂಎಂ ಆಸುಪಾಸು. ಆದರೂ ಕುಣಿತ ಪೂರ್ತಿ ಹೋಗಲಿಲ್ಲ.

ತಿರುಚುತ್ತಿದ್ದದ್ದು ಚಾನಲ್! ಅದರ ಬಾಯಿಗೆ 6 ಎಂಎಂ ಪ್ಲೇಟ್ ಬೆಸೆದು ಪೆಟ್ಟಿಗೆ ಮಾಡಿದೆ, ಕುಣಿತ ಅಡಗಿತು. ತಿರುಚು ತಡೆಯುವ ಶಕ್ತಿ ನೂರು ಪಟ್ಟಿನ ಹತ್ತಿರ ಏರುತ್ತದೆ. ಬೆಸುಗೆಯನ್ನು ಒಂದೇ ಓಟಕ್ಕೆ ಎಳೆದರೆ ಚಾನಲ್ ಸೊಟ್ಟಗಾಗುತ್ತದೆ. ಬಿಟ್ಟು ಬಿಟ್ಟು, ಎದುರುಬದುರು ಹಾಕಬೇಕು. ಯಾವ ಕ್ರಮದಲ್ಲಿ ಅನ್ನುವುದು ನಮ್ಮ ಹುಡುಗರಲ್ಲೇ ಇರಲಿ. ಮನೆಯಲ್ಲಿ ಇದನ್ನು ಗೋಡೆ ಏಳುವ ಮೊದಲೇ ನಿಲ್ಲಿಸಿ, ಕೆಳಗೆ ಪ್ಲಿಂತ್ ಬೀಮಿಗೂ (ಪಾಯದ ಮೇಲಿನ ಕಾಂಕ್ರೀಟ್ ತೊಲೆ) ಮೇಲೆ ಸ್ಲ್ಯಾಬಿನ ಬೀಮಿಗೂ ಕಟ್ಟಿದೆವು.

ಹಲಗೆಗೆ ಯಜಮಾನರು ತೋಟದ ಸಿಲ್ವರ್ ಓಕ್ ಕೊಟ್ಟರು. ಜುಲೈಯಲ್ಲಿ ಮೀಟರ್ ಇಟ್ಟರೆ ತೇವ ಶೇಕಡಾ 20ರ ಮೇಲೆ! ಕೊಯ್ದ ಹಲಗೆಗಳೆಲ್ಲ ದೋಣಿಯಾದವು. ಕೊನೆಗೆ ಹೆಬ್ಬಲಸು ತಂದು, ಮಳೆ ಕಡಿಮೆಯಿರುವ ಕುಶಾಲನಗರದಲ್ಲಿ ಅಟ್ಟಿ ಹಾಕಿ 12-13ಕ್ಕೆ ಇಳಿಸಿದೆ. ಸ್ಕ್ರೂ ಕಾಣದಂತೆ ಪೈಪಿಗೆ ಹೇಗೆ ತೊಡಿಸಿದೆ ಅಂತ ಕೇಳಬೇಡಿ. ಮರ ಹಿಗ್ಗಲು ಜಾಗ ಬಿಟ್ಟಿದ್ದೇನೆ, ಅಷ್ಟು ಹೇಳಬಲ್ಲೆ.

ನಡುವೆ ಒಂದು ಹುಚ್ಚಾಟ. ಕಿತ್ತೆಸೆದ ಅರೇಬಿಕಾ ಕಾಫಿ ಕಾಂಡಗಳನ್ನೇ ರೇಲಿಂಗ್ ಕಂಬಿ ಮಾಡಿ ನೋಡಿದೆ. ನೋಟವೇನೋ ಚೆಂದ, ಆದರೆ ಕಾಂಡಕೊರಕ ಹುಳ ತಿಂದು ಒಳಗೆಲ್ಲ ಟೊಳ್ಳು. ರೋಬಸ್ಟಾ ಬೊಡ್ಡೆ ಗಟ್ಟಿ. ಅದರಲ್ಲೊಂದು ಟೀಪಾಯಿ ಮಾಡಿ ಅದೇ ಯಜಮಾನರಿಗೆ ಮಾರಿದೆ. ರೇಲಿಂಗಿಗೆ 12 ಎಂಎಂ ಸರಳೇ ಗತಿಯಾಯಿತು. ಮಕ್ಕಳಿರುವ ಮನೆ, ಸಂದು ನಾಲ್ಕಿಂಚು ದಾಟಬಾರದು.

ಕಬ್ಬಿಣ ಮುನ್ನೂರು ಕೆಜಿ ಹತ್ತಿರ ಹೋಯಿತು. ಮರ, ಕೂಲಿ, ಪಾಲಿಶ್ ಸೇರಿ ಎರಡು ಲಕ್ಷ ಚಿಲ್ಲರೆ. ಮಾಮೂಲಿ ಕಾಂಕ್ರೀಟ್ ಮೆಟ್ಟಿಲಾದರೆ ಅರ್ಧದಲ್ಲಿ ಮುಗಿಯುತ್ತಿತ್ತು. ಮಾದರಿಗೆ ಸುರಿದ ಮೂವತ್ತು ಸಾವಿರದಷ್ಟು ನನ್ನ ಜೇಬಿನದೇ. ಈಗ ಸೋಮವಾರಪೇಟೆಯಿಂದ ಇನ್ನೊಂದು ಕೆಲಸ ಬಂದಿದೆ. ಈ ಸಲ ಮಾದರಿಯ ಖರ್ಚಿಲ್ಲ; ರೇಟು ಮಾತ್ರ ಇಳಿಸಿಲ್ಲ.