ಚೌಕಳಿ ದಾರಿಯ ಸಂಭವನೀಯತೆ: 18/35 ಸರಿಯೋ, 3/8 ಸರಿಯೋ?

ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಸುಮಾರು 9 ಅಡಿ ಅಂತರ. ಮೇಲಿಂದ ನೋಡಿದರೆ ಚೌಕಳಿಯೇ. ಕೊನೆಗೌಡ (ಅಡಿಕೆ ಕೊನೆ ಕೊಯ್ಯುವವನು) ಒಂದು ಮೂಲೆಯ ಮರದಿಂದ ಹೊರಟು, ಮರದಿಂದ ಮರಕ್ಕೆ ಒಂದು ಹೆಜ್ಜೆಯಂತೆ ಪೂರ್ವಕ್ಕೆ 4, ಉತ್ತರಕ್ಕೆ 3 ಹೆಜ್ಜೆ ದಾಟಿ ಎದುರು ಮೂಲೆಗೆ ಹೋಗಬೇಕು, ಹಿಂದಕ್ಕೆ ಬರುವಂತಿಲ್ಲ. (2, 1)ರ ಮರ, ಅಂದರೆ ಹೊರಟಲ್ಲಿಂದ ಪೂರ್ವಕ್ಕೆ 2, ಉತ್ತರಕ್ಕೆ 1 ಹೆಜ್ಜೆ ಆಚೆಯ ಮರ, ಅವನಿಗೆ ಸಿಗುವ ಸಂಭವನೀಯತೆ ಎಷ್ಟು?

ಒಟ್ಟು ದಾರಿ 35: ಏಳು ಹೆಜ್ಜೆಗಳಲ್ಲಿ ಉತ್ತರದ ಮೂರನ್ನು ಆರಿಸುವ ಬಗೆ. ಆ ಮರದವರೆಗೆ 3 ದಾರಿ, ಅಲ್ಲಿಂದ ಕೊನೆಗೆ 6; ಹೀಗೆ ಆ ಮರದ ಮೂಲಕ ಹೋಗುವವು 3 × 6 = 18. ಹಾಗಾಗಿ 18/35. ಆದರೆ ಪ್ರಶ್ನೆಯ ಜೊತೆ ಕೊಟ್ಟ ಕೀಲಿ ಉತ್ತರ 3/8.

ಲೆಕ್ಕ ತಪ್ಪಿಲ್ಲ, ಪ್ರಶ್ನೆ ಬೇರೆ. 18/35 ಬರುವುದು 35 ದಾರಿಗಳಿಗೂ ಸಮಾನ ಅವಕಾಶ ಇದ್ದಾಗ. "ಪ್ರತಿ ಮರದಲ್ಲೂ ನಾಣ್ಯ ಚಿಮ್ಮಿ ದಿಕ್ಕು ಆರಿಸುತ್ತಾನೆ" ಎಂದಿದ್ದರೆ ದಾರಿಗಳು ಸಮಾನವಲ್ಲ. ಮೊದಲು ಪೂರ್ವಕ್ಕೇ ನಾಲ್ಕೂ ಹೆಜ್ಜೆ ಇಟ್ಟರೆ ಅಂಚು ಬಂತು, ಮುಂದೆ ನಾಣ್ಯದ ಮಾತಿಲ್ಲ. ಆ ದಾರಿಯ ಪಾಲು 1/16. ಪೂರ್ವ, ಉತ್ತರ ಎಂದು ಒಂದರ ಮೇಲೊಂದು ಹೋದರೆ 1/64.

ಇಂಥಲ್ಲಿ ಸೂತ್ರ ಬಿಟ್ಟು ಪ್ರತಿ ಮರದ ಪಕ್ಕ ಸಂಭವನೀಯತೆ ಬರೆಯುತ್ತ ಹೋಗುವುದೇ ಭದ್ರ. ಎರಡೂ ದಿಕ್ಕಿಗೆ ಹೋಗಬಹುದಾದ ಮರದಿಂದ ಅರ್ಧರ್ಧ ಹಂಚಿ, ಪೂರ್ವ ಅಥವಾ ಉತ್ತರದ ಕೊನೆಯ ಅಂಚಿನ ಮರದಿಂದ ಪೂರ್ತಿ ದಾಟಿಸಿ. ಮೂರನೇ ಹೆಜ್ಜೆಗೆ 1/8, 3/8, 3/8, 1/8. (2, 1)ಕ್ಕೆ 3/8. ಕೆಲಸ ಮುಗಿಯಿತು.

ದೂರದ ಮರ ಕೇಳಿದರೆ ಎಡವುವುದು ಅಂಚಿನಲ್ಲೇ. (1, 3)ಕ್ಕೆ (1, 2)ರಿಂದ 3/16, (0, 3)ರಿಂದ ಪೂರ್ತಿ 1/8, ಒಟ್ಟು 5/16. ಅಲ್ಲೂ ಅರ್ಧ ಮಾಡಿದರೆ 4/16 ಆಗಿ, ನಾಲ್ಕನೇ ಹೆಜ್ಜೆಯ ಓರೆಸಾಲಿನ (ನಾಲ್ಕು ಹೆಜ್ಜೆಗೆ ತಲುಪಬಹುದಾದ ಮರಗಳ ಸಾಲಿನ) ಮೊತ್ತ 15/16ಕ್ಕೆ ನಿಲ್ಲುತ್ತದೆ. ಪ್ರತಿ ಓರೆಸಾಲೂ ಕೂಡಿ 1 ಆಗಲೇಬೇಕು.